ನೀರಿನ ಗೆರೆ ಮತ್ತು ನಮ್ಮ ಬಾಗಲಕೋಟೆ

ಹಾಲು ಉತ್ಪಾದಕ ಸಹೋದರಿಯರೇ,

ನೀವು ದಿನಾ ಸಂಘಕ್ಕೆ ಹಾಲು ಹಾಕಿ ಬರುವ ದಾರಿಯಲ್ಲಿ ಒಂದು ಹೊಳೆ, ಒಂದು ಹಳ್ಳ, ಇಲ್ಲವೇ ಹಿನ್ನೀರು ಕಂಡೇ ಕಾಣುತ್ತದೆ. ಎಮ್ಮೆಯ ಮೈ ತೊಳೆಯುವುದು ಅಲ್ಲಿ, ಬೇಸಿಗೆಯಲ್ಲಿ ಹಸಿ ಹುಲ್ಲು ಸಿಗುವುದು ಅಲ್ಲಿ. ನಮ್ಮ ಜಿಲ್ಲೆಯ ಊರುಗಳು ಎಲ್ಲಿ ಹುಟ್ಟಿದವು, ಎಲ್ಲಿಂದ ಎಲ್ಲಿಗೆ ಹೋದವು ಎಂಬುದನ್ನು ಬರೆದದ್ದು ಇದೇ ನೀರು. ಬಾಗಲಕೋಟೆ ಸಮುದ್ರ ದಂಡೆಯ ಊರಲ್ಲ. ಆದರೂ ಇಂದು ಹಳೇ ಊರಿನ ಅಂಚಿಗೆ ನಿಂತು ನೋಡಿದರೆ ಕಣ್ಣು ಹಾಯುವ ತನಕ ನೀರೇ. ಆ ನೀರಿನ ಗೆರೆ ಮುಂದೆ ಇನ್ನೂ ಮೇಲೆ ಬರುವ ಮಾತು ನಡೆದಿರುವಾಗ, ಈ ಕಥೆ ತಿಳಿದಿರುವುದು ದನ ಸಾಕುವ ನಮಗೆ ಬಹಳ ಅಗತ್ಯ.

ಮೂರು ಹೊಳೆಗಳ ನಾಡು

ನಮ್ಮದು ಮಳೆ ಕಡಿಮೆ ಬೀಳುವ ಸೀಮೆ. ಮುಂಗಾರು ಮೋಡ ಪಶ್ಚಿಮ ಘಟ್ಟದಲ್ಲೇ ಹೆಚ್ಚು ಸುರಿದು, ಇಲ್ಲಿಗೆ ಬರುವಷ್ಟರಲ್ಲಿ ಹಗುರಾಗಿರುತ್ತದೆ. ಆದರೆ ಘಟ್ಟದ ಮೇಲೆ ಬಿದ್ದ ಮಳೆ ಹೊಳೆಯಾಗಿ ನಮ್ಮ ಕಡೆಗೇ ಬರುತ್ತದೆ. ಕೃಷ್ಣೆ ಮಹಾಬಳೇಶ್ವರದಿಂದ, ಘಟಪ್ರಭೆ ಗೋಕಾಕ ಜಲಪಾತ ಇಳಿದು, ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಿಂದ ಹರಿದು ಬಂದು ನಮ್ಮ ಜಿಲ್ಲೆಯಲ್ಲೇ ಕೂಡುತ್ತವೆ. ಘಟಪ್ರಭೆ ಕೃಷ್ಣೆಗೆ ಸೇರುವುದು ಚಿಕ್ಕಸಂಗಮದಲ್ಲಿ, ಮಲಪ್ರಭೆ ಸೇರುವುದು ಕೂಡಲಸಂಗಮದಲ್ಲಿ. ಹಾಗಾಗಿ ನಮ್ಮ ಹೊಲದಲ್ಲಿ ಹನಿ ಬೀಳದಿದ್ದರೂ ಹೊಳೆ ತುಂಬಿ ಬರುವುದುಂಟು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿದ್ದು, ದಂಡೆಯ ಹಳ್ಳಿಗಳವರು ದನಕರು ಹೊಡೆದುಕೊಂಡು ಎತ್ತರದ ಜಾಗಕ್ಕೆ ಹೋದದ್ದು ನಿಮಗೆ ನೆನಪಿರಬೇಕು.

ಈ ಹೊಳೆಗಳ ನಡುವೆ ಕಪ್ಪು ಎರೆ ಭೂಮಿ ಹಾಸಿದೆ. ಹಸಿಯಾದರೆ ಕಾಲು ಹೂಳುವ, ಒಣಗಿದರೆ ಬಿರುಕು ಬಿಡುವ ಈ ಮಣ್ಣನ್ನು ಉಳಲು ಗಟ್ಟಿ ಎತ್ತು ಬೇಕಿತ್ತು. ಅದಕ್ಕೆಂದೇ 19ನೇ ಶತಮಾನದಲ್ಲಿ ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರು ಗಿರ್, ಓಂಗೋಲ್, ಕಾಂಕ್ರೇಜ್ ಮತ್ತು ನಮ್ಮ ಕಡೆಯ ದನಗಳನ್ನು ಕೂಡಿಸಿ ಒಂದು ತಳಿ ಬೆಳೆಸಿದರು. ಅದೇ ಕೃಷ್ಣಾ ಕಣಿವೆ ತಳಿ. ಟ್ರ್ಯಾಕ್ಟರ್ ಬಂದ ಮೇಲೆ ಆ ದನ ಕಾಣುವುದೇ ಅಪರೂಪ. ನಿಮ್ಮ ಊರಿನಲ್ಲಿ ಒಂದಾದರೂ ಉಳಿದಿದ್ದರೆ ಅದು ಈ ಮಣ್ಣು ಮತ್ತು ಹೊಳೆಗಳ ಚರಿತ್ರೆಯೇ ಎಂದು ತಿಳಿಯಿರಿ.

ಬಾದಾಮಿ, ಹುನಗುಂದ, ಇಳಕಲ್

ಬಾದಾಮಿಯವರು ನೀರನ್ನು ಕಲ್ಲಿನ ಮಡಿಲಲ್ಲಿ ಹಿಡಿದರು. ಕ್ರಿ.ಶ. 543ರಲ್ಲಿ ಚಾಲುಕ್ಯರ ಮೊದಲನೆಯ ಪುಲಕೇಶಿ ಅಲ್ಲಿನ ಕೆಂಪು ಮರಳುಗಲ್ಲಿನ ಗುಡ್ಡದ ಮೇಲೆ ಕೋಟೆ ಕಟ್ಟಿಸಿದನು. ಮೂರು ಕಡೆ ಬಂಡೆ, ನಡುವೆ ಅಗಸ್ತ್ಯ ತೀರ್ಥ. ಗುಡ್ಡದ ಮೇಲೆ ಬಿದ್ದ ಮಳೆ ಇಳಿದು ಆ ಕೆರೆಗೇ ಬರುತ್ತದೆ. 642ರಲ್ಲಿ ಪಲ್ಲವರ ನರಸಿಂಹವರ್ಮ ಊರನ್ನು ಗೆದ್ದನು. ರಾಜರು ಬಂದರು, ಹೋದರು. ಕೆರೆ ಮಾತ್ರ ಇಂದಿಗೂ ಇದೆ.

ಮಲಪ್ರಭೆಯ ಗುಂಟ ಕೆಳಗೆ ಬಂದರೆ ಪಟ್ಟದಕಲ್ಲು, ಐಹೊಳೆ. ಐಹೊಳೆಯ ಮೇಗುಟಿ ಗುಡಿಯಲ್ಲಿ ರವಿಕೀರ್ತಿ ಬರೆದ 634ರ ಶಾಸನವಿದೆ. ಅಲ್ಲಿಂದಲೇ ಹೆಸರು ಪಡೆದ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ದಕ್ಷಿಣದ ತುಂಬ ವ್ಯಾಪಾರ ನಡೆಸಿತು. ಕೂಡಿ ದುಡಿಯುವ, ಕೂಡಿ ಲೆಕ್ಕ ಇಡುವ ಪದ್ಧತಿ ನಮ್ಮ ಮಣ್ಣಿಗೆ ಹೊಸದಲ್ಲ.

ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯ ಸ್ಥಳವಿದೆ. ನಾರಾಯಣಪುರದ ಬಸವಸಾಗರ ಕಟ್ಟಿದ ಮೇಲೆ ಹಿನ್ನೀರು ಅಲ್ಲಿಯ ತನಕ ಬಂದಿತು. ಆಗ ಐಕ್ಯ ಮಂಟಪವನ್ನು ಸ್ಥಳಾಂತರಿಸದೆ, ಅದರ ಸುತ್ತ ಎತ್ತರದ ಗೋಡೆ ಎಬ್ಬಿಸಿ ಉಳಿಸಿಕೊಂಡರು. ಇಂದು ನಾವು ಬಾವಿಗೆ ಇಳಿದಂತೆ ಮೆಟ್ಟಿಲು ಇಳಿದು ದರ್ಶನ ಮಾಡುತ್ತೇವೆ.

ಇಳಕಲ್ ಹೊಳೆಗಿಂತ ಮಗ್ಗವನ್ನು ನಂಬಿದ ಊರು. ಕೆಂಪು ಗ್ರಾನೈಟ್ ಮತ್ತು ಟೋಪು ತೆನಿ ಸೆರಗಿನ ಸೀರೆ ಆ ಊರಿಗೆ ಹೆಸರು ತಂದವು. ಮೈ ಭಾಗದ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸದಲ್ಲಿ ಮನೆಯ ಹೆಂಗಸರ ಕೈ ದೊಡ್ಡದು. ಹಾಲಿನ ಹಾಗೆಯೇ ಇದೂ ಮನೆಯೊಳಗೇ ನಡೆಯುವ ದುಡಿಮೆ.

ಬಾಗಲಕೋಟೆ ಎಂಬ ಹೊಳೆದಂಡೆಯ ಪೇಟೆ

ಹಳೆಯ ಶಾಸನಗಳಲ್ಲಿ ಈ ಊರಿನ ಹೆಸರು ಬಾಗಡಗೆ. ರಾವಣನು ಭಜಂತ್ರಿಗಳಿಗೆ ಕೊಟ್ಟ ಊರು ಎಂದು ಒಂದು ಹೇಳಿಕೆ, ವಿಜಯಪುರದ ಸುಲ್ತಾನನು ಮಗಳಿಗೆ ಬಳೆಗೆಂದು ಉಡುಗೊರೆ ಕೊಟ್ಟ ಊರು ಎಂದು ಇನ್ನೊಂದು. ಹೇಳಿಕೆಗಳು ಏನೇ ಇರಲಿ, ಘಟಪ್ರಭೆಯ ದಂಡೆ, ಸುತ್ತ ಎರೆ ಹೊಲ, ಜೋಳ ಹತ್ತಿಯ ವ್ಯಾಪಾರ ಈ ಊರನ್ನು ಬೆಳೆಸಿದವು. ವಿಜಯನಗರ, ಆದಿಲಶಾಹಿ, ಸವಣೂರ ನವಾಬರು, ಪೇಶ್ವೆಯರ ಕೈ ದಾಟಿ 1818ರಲ್ಲಿ ಊರು ಇಂಗ್ಲಿಷರ ವಶವಾಯಿತು. 1884ರಲ್ಲಿ ಗದಗ–ಹೊಟಗಿ ರೈಲು ಮಾರ್ಗ ಬಂದ ಮೇಲೆ ಪೇಟೆ ಮತ್ತಷ್ಟು ಬೆಳೆಯಿತು. 1906ರಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿ ಶಾಲೆ ಕಾಲೇಜುಗಳು ಬಂದವು. 1997ರಲ್ಲಿ ವಿಜಯಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆಯಾಯಿತು.

ಆದರೆ ಜಿಲ್ಲಾ ಕೇಂದ್ರವಾಗುವ ಹೊತ್ತಿಗೆ ಹಳೇ ಊರಿನ ಹಣೆಬರಹ ನಿರ್ಧಾರವಾಗಿ ಹೋಗಿತ್ತು.

519.60 ಮೀಟರ್

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ಕಟ್ಟೆ ಪೂರ್ತಿಯಾಗಲು ನಾಲ್ಕು ದಶಕ ಬೇಕಾಯಿತು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಅರ್ಪಿಸಿದರು. ನೀರು ನಿಲ್ಲುವ ಮಟ್ಟ ಸಮುದ್ರ ಮಟ್ಟದಿಂದ 519.60 ಮೀಟರ್, ಹಿಡಿಯುವ ನೀರು ಸುಮಾರು 123 ಟಿಎಂಸಿ. ಕಟ್ಟೆ ಇರುವುದು ಕೃಷ್ಣೆಗೆ. ಆದರೆ ನಿಂತ ನೀರು ಘಟಪ್ರಭೆಯ ಪಾತ್ರದಲ್ಲೂ ಹಿಂದೆ ಸರಿದು ಬಂದು ಬಾಗಲಕೋಟೆಯ ಓಣಿಗಳನ್ನು ಮುಟ್ಟಿತು.

ಊರನ್ನು ಎತ್ತರಕ್ಕೆ ಸಾಗಿಸಲೆಂದು 1983ರ ಕಾಯ್ದೆಯಂತೆ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಬಂದಿತು. ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ಹೊಸ ಊರಿನ ಯೋಜನೆ ರೂಪಿಸಿದರು. ಹಾಗೆ ಹುಟ್ಟಿದ್ದು ನವನಗರ. ಇಂದು ಬಾಗಲಕೋಟೆ ಎಂದರೆ ಮೂರು ಊರು: ನೀರಂಚಿನಲ್ಲಿ ಉಳಿದ ಹಳೇ ಪಟ್ಟಣ, ಕಾಲೇಜುಗಳ ವಿದ್ಯಾಗಿರಿ, ಸೆಕ್ಟರುಗಳ ನವನಗರ.

ಓಣಿ ಹೋಗಿ ಸೆಕ್ಟರ್ ನಂಬರ್ ಬಂದಾಗ ಜನ ಕಳೆದುಕೊಂಡದ್ದು ಬರೀ ಮನೆಯಲ್ಲ. ಹಳೇ ಊರಿನ ಮನೆಯಲ್ಲಿ ಒಳಗೆ ಕಾಲಿಟ್ಟರೆ ಮೊದಲು ಗೋದಲಿ, ಆಮೇಲೆ ಪಡಸಾಲೆ. ಹಿತ್ತಲಲ್ಲಿ ಬಣವಿ. ಅಳತೆ ಮಾಡಿ ಕೊಟ್ಟ ಸೈಟಿನಲ್ಲಿ ಎಮ್ಮೆ ಕಟ್ಟುವುದೆಲ್ಲಿ, ಕಣಕಿ ಒಟ್ಟುವುದೆಲ್ಲಿ? ಹಳ್ಳಿಗಳು ಮುಳುಗಿ ಪುನರ್ವಸತಿ ಕೇಂದ್ರಕ್ಕೆ ಹೋದವರಿಗೂ ಇದೇ ತೊಡಕು. ಆದರೂ ಜನ ತಮ್ಮ ಓಣಿಗಳನ್ನು ಮರೆತಿಲ್ಲ. ಹೋಳಿಯಲ್ಲಿ ಹಲಗೆ ಬಾರಿಸಿ ಬಣ್ಣದ ಬಂಡಿ ಹೊರಡುವುದು ಇಂದಿಗೂ ಕಿಲ್ಲಾ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಹಳೇ ಹೆಸರಿನಲ್ಲೇ.

ದೂರ ದೇಶದಲ್ಲೂ ಇದೇ ಕಥೆ

ಫ್ರಾನ್ಸ್ ದೇಶದ ಪಶ್ಚಿಮ ತುದಿಯಲ್ಲಿ ಬ್ರಿಟನಿ ಎಂಬ ಸೀಮೆಯಿದೆ. ನಮ್ಮ ಹಾಗೆ ಅವರೂ ಹಾಲಿನವರು, ಉಪ್ಪು ಹಾಕಿದ ಬೆಣ್ಣೆಗೆ ಹೆಸರಾದವರು. ಅಲ್ಲಿ ಬ್ಲಾವೇ ಎಂಬ ಹೊಳೆ ಸಮುದ್ರ ಸೇರುವ ಕಡೆ ಲೋರಿಯಾಂ ಎಂಬ ಬಂದರು ಪಟ್ಟಣವಿದೆ. ಹೆಸರಿನ ಅರ್ಥವೇ ಪೂರ್ವ ದೇಶ. 1666ರಲ್ಲಿ ಭಾರತದ ಕಡೆಗೆ ಹಡಗು ಕಳಿಸಲೆಂದು ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿ ಅದನ್ನು ಕಟ್ಟಿತು. ನಮ್ಮ ದೇಶದ ಹತ್ತಿ ಬಟ್ಟೆ ಅಲ್ಲಿ ಇಳಿಯುತ್ತಿತ್ತು. 1943ರಲ್ಲಿ ಯುದ್ಧದ ಬಾಂಬಿಗೆ ಊರು ಬಹುಪಾಲು ನೆಲಸಮವಾಯಿತು. ಜನ ಅದೇ ಜಾಗದಲ್ಲಿ ಮತ್ತೆ ಕಟ್ಟಿದರು.

ಅದೇ ಹೊಳೆಯ ಮೇಲ್ಗಡೆ 1930ರ ಹೊತ್ತಿಗೆ ಗೆರ್ಲೆದಾಂ ಎಂಬಲ್ಲಿ ವಿದ್ಯುತ್ತಿಗಾಗಿ ಕಟ್ಟೆ ಕಟ್ಟಿದರು. ಕಣಿವೆ, ದೋಣಿ ಹಾಯುವ ಕಾಲುವೆ, ಕಾಲುವೆ ಕಾಯುವವರ ಮನೆ ಎಲ್ಲವೂ ಮುಳುಗಿದವು. 2015ರಲ್ಲಿ ದುರಸ್ತಿಗೆಂದು ನೀರು ಖಾಲಿ ಮಾಡಿದಾಗ ಆ ಗೋಡೆಗಳು ಮತ್ತೆ ಕಂಡವು. ಮುಳುಗಿದ್ದ ಕಣಿವೆ ನೋಡಲು ಜನ ಹಿಂಡುಹಿಂಡಾಗಿ ಬಂದರು. ನಮ್ಮ ಆಲಮಟ್ಟಿಯನ್ನು ಹಾಗೆ ಬರಿದು ಮಾಡುವ ದಿನ ಬರಲಾರದು. ಹಾಗಾಗಿ ಯಾವ ಹೊಲ ಎಲ್ಲಿತ್ತು, ಯಾವ ಗುಡಿಯ ಪಕ್ಕ ದನ ನಿಲ್ಲುತ್ತಿದ್ದವು ಎಂಬುದನ್ನು ಮನೆಯ ಹಿರಿಯರು ಇರುವಾಗಲೇ ಕೇಳಿ ಮಕ್ಕಳ ಕೈಲಿ ಬರೆಸಿಡಿ.

ಹಿನ್ನೀರಿನ ಹುಲ್ಲು: ಸ್ವಲ್ಪ ಎಚ್ಚರ

ಬೇಸಿಗೆಯಲ್ಲಿ ನೀರು ಇಳಿದಂತೆ ಅಂಚಿನಲ್ಲಿ ಹಸಿ ಹುಲ್ಲು ಏಳುತ್ತದೆ. ಮೇವಿಲ್ಲದ ದಿನಕ್ಕೆ ಅದು ದೊಡ್ಡ ಆಸರೆ. ಆದರೆ ನಿಂತ ನೀರಿನ ಬಸವನಹುಳುವಿನಲ್ಲಿ ಒಂದು ಚಪ್ಪಟೆ ಹುಳು ಬೆಳೆದು, ಹೊರಬಂದು ಆ ಹುಲ್ಲಿಗೆ ಅಂಟಿಕೊಳ್ಳುತ್ತದೆ. ಹುಲ್ಲು ತಿಂದ ಎಮ್ಮೆ, ಆಕಳಿನ ಯಕೃತ್ತಿಗೆ ಸೇರುತ್ತದೆ. ದನ ಸೊರಗುವುದು, ಹಾಲು ಇಳಿಯುವುದು, ಸಗಣಿ ತೆಳ್ಳಗಾಗುವುದು, ದವಡೆಯ ಕೆಳಗೆ ಬಾವು ಬರುವುದು ಅದರ ಗುರುತು. ಎಲ್ಲ ಜಂತುಹುಳದ ಔಷಧಿಯೂ ಈ ಹುಳುವನ್ನು ಕೊಲ್ಲುವುದಿಲ್ಲ. ಸಗಣಿ ಪರೀಕ್ಷೆ ಮಾಡಿಸಿ, ಪಶುವೈದ್ಯರು ಹೇಳಿದ ಔಷಧಿಯನ್ನೇ ಕೊಡಿ. ಎಷ್ಟು ದಿನ ಹಾಲು ಸಂಘಕ್ಕೆ ಹಾಕಬಾರದು ಎಂದೂ ಅವರನ್ನೇ ಕೇಳಿ. ನೀರಂಚಿನ ಹುಲ್ಲನ್ನು ಬುಡಬಿಟ್ಟು ಮೇಲೆ ಕೊಯ್ದು, ಚೆನ್ನಾಗಿ ಒಣಗಿಸಿ ಹಾಕಿದರೆ ಅಪಾಯ ಕಡಿಮೆ.

ಮುಂದಿನ ಗೆರೆ: 524.256 ಮೀಟರ್

2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಮಂಡಳಿಯು ಆಲಮಟ್ಟಿಯಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಕರ್ನಾಟಕಕ್ಕೆ ಒಪ್ಪಿಗೆ ಕೊಟ್ಟಿತು. ನೆರೆ ರಾಜ್ಯಗಳ ತಕರಾರಿನಿಂದ ವಿಷಯ ಸುಪ್ರೀಂ ಕೋರ್ಟಿನ ತನಕ ಹೋಗಿದೆ. ಈಗಿನದಕ್ಕಿಂತ ಹೆಚ್ಚುವುದು ಸುಮಾರು 15 ಅಡಿ. ಬಾವಿಯಲ್ಲಿ 15 ಅಡಿ ದೊಡ್ಡದಲ್ಲ. ನಮ್ಮ ಸಪಾಟು ಎರೆ ಹೊಲದಲ್ಲಿ 15 ಅಡಿ ಎಂದರೆ ನೀರು ಬಹಳ ದೂರ ಹರಡುತ್ತದೆ. ಮುಳುಗುವ ಜಮೀನು 75 ಸಾವಿರ ಎಕರೆಗೂ ಹೆಚ್ಚು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟವು ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಕೊಡಲು ತೀರ್ಮಾನಿಸಿತು.

ಪರಿಹಾರ ಬರುವುದು ದಾಖಲೆಯಲ್ಲಿ ಹೆಸರಿದ್ದವರಿಗೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಾಲು ಹಿಂಡುವವರು ನೀವು, ಆದರೆ ಉತಾರದಲ್ಲಿ ಯಾರ ಹೆಸರಿದೆ? ನಿಮ್ಮ ಜಮೀನು ಹೊಳೆ ಸಾಲಿನಲ್ಲಿದ್ದರೆ ಈ ಕೆಲಸಗಳನ್ನು ಇಂದೇ ಮಾಡಿರಿ.

ಒಂದು, ಉತಾರ ತೆಗೆಸಿ ಓದಿಸಿ. ತೀರಿಹೋದ ಮಾವನ ಇಲ್ಲವೇ ಗಂಡನ ಹೆಸರಿನಲ್ಲೇ ಇದ್ದರೆ ವಾರಸಾ ಮಾಡಿಸಿ.

ಎರಡು, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಕ್ಕು ಬಿಟ್ಟುಕೊಡುವ ಕಾಗದಕ್ಕೆ ಓದದೆ, ತಿಳಿಯದೆ ಹೆಬ್ಬೆಟ್ಟು ಒತ್ತಬೇಡಿ.

ಮೂರು, 2013ರ ಭೂಸ್ವಾಧೀನ ಕಾಯ್ದೆಯಲ್ಲಿ ವಿಧವೆಯರು, ವಿಚ್ಛೇದಿತರು, ಮನೆಯವರು ಕೈಬಿಟ್ಟ ಹೆಂಗಸರನ್ನು ಪ್ರತ್ಯೇಕ ಕುಟುಂಬವೆಂದು ಎಣಿಸಬೇಕೆಂದಿದೆ. ಸ್ಥಳಾಂತರವಾಗುವ ದನ ಸಾಕುವ ಕುಟುಂಬಕ್ಕೆ ಕೊಟ್ಟಿಗೆ ಕಟ್ಟಲು ಕನಿಷ್ಠ 25 ಸಾವಿರ, ಸಾಮಾನು ಮತ್ತು ದನಕರು ಸಾಗಿಸಲು 50 ಸಾವಿರ ರೂಪಾಯಿ ಕೊಡಬೇಕೆಂದಿದೆ. ಪುನರ್ವಸತಿ ಊರಿನಲ್ಲಿ ದನಗಳಿಗೆ ಕುಡಿಯುವ ನೀರು, ಗಾಯರಾಣ ಇರಬೇಕೆಂದಿದೆ.

ನಾಲ್ಕು, ನಿಮ್ಮ ಹತ್ತಿರ ದನ ಇದೆ ಎಂಬುದಕ್ಕೆ ಪುರಾವೆ ಇಟ್ಟುಕೊಳ್ಳಿ. ಸಂಘದ ಪಾಸ್‌ಬುಕ್, ಕಿವಿಯೋಲೆಯ 12 ಅಂಕಿಯ ನಂಬರ್, ವಿಮೆಯ ಕಾಗದ, ಕೊಟ್ಟಿಗೆ ಮುಂದೆ ದನದ ಜೊತೆ ನೀವು ನಿಂತ ಒಂದು ಫೋಟೋ. ಎಲ್ಲವೂ ಒಂದೇ ಚೀಲದಲ್ಲಿರಲಿ.

ಸಹೋದರಿಯರೇ, ನೀರಿನ ಗೆರೆ ಎಲ್ಲಿ ನಿಲ್ಲಬೇಕೆಂದು ಹೇಳುವುದು ನಮ್ಮ ಕೈಯಲ್ಲಿಲ್ಲ. ಗೆರೆ ಬರುವ ಮೊದಲು ನಮ್ಮ ಹೆಸರು ಬರೆಸುವುದು ನಮ್ಮ ಕೈಯಲ್ಲಿದೆ. ಮುಂದಿನ ಸಲ ಸಂಘದ ಸಭೆಗೆ ಬರುವಾಗ ಉತಾರದ ಪ್ರತಿ ಜೊತೆಗೆ ತನ್ನಿ. ಓದು ಬರುವವರು ಬಾರದವರಿಗೆ ಓದಿ ಹೇಳಿ.