ಚಿಲ್ಲರೆಗೆ ಬದಲಾಗಿ ಬಿಲ್ಲೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಪೇಟೆಗಳಲ್ಲಿ ಸರಕಾರದ ಚಿಲ್ಲರೆ ನಾಣ್ಯಗಳು ದುರ್ಲಭವಾದಾಗ, ವರ್ತಕರು ತಮ್ಮ ಅಂಗಡಿಯ ಹೆಸರಿನ ಬಿಲ್ಲೆಗಳನ್ನು ಮಾಡಿಸಿ ಗಿರಾಕಿಗಳ ಕೈಗಿತ್ತ ಸಂಗತಿಯನ್ನು ಹಲವರು ಕೇವಲ ವಿನೋದವೆಂದು ಬಗೆದಿರುವರು. ನಮಗೆ ಅದು ವಿನೋದವಾಗಿ ತೋರುವುದಿಲ್ಲ. ನಾಣ್ಯವನ್ನು ಹೊರಡಿಸುವುದು ರಾಜ್ಯದ ಅಧಿಕಾರ. ಅದು ಕಿರಾಣಿ ಅಂಗಡಿಯ ಗಲ್ಲೆಗೆ ಇಳಿದು ಬಂದಿತೆಂದರೆ ರಾಜ್ಯವು ಎಲ್ಲಿಯೋ ತನ್ನ ಕರ್ತವ್ಯಕ್ಕೆ ಎರವಾಗಿದೆಯೆಂದೇ ಅರ್ಥ.

ವರ್ತಕನನ್ನು ಒಮ್ಮೆಲೇ ಅಪರಾಧಿಯೆನ್ನಲು ನಾವು ಸಿದ್ಧರಿಲ್ಲ. 17ನೆಯ ಶತಮಾನದ ನಡುವೆ ಇಂಗ್ಲಂಡದ ಅಂಗಡಿಕಾರರೂ ಇದೇ ಹಾದಿ ಹಿಡಿದಿದ್ದರು. 1970ರ ದಶಕದಲ್ಲಿ ಇಟಲಿಯ ಬ್ಯಾಂಕುಗಳು ಚಿಲ್ಲರೆಗಾಗಿ ಪುಟ್ಟ ಚೆಕ್ಕುಗಳನ್ನು ಅಚ್ಚು ಹಾಕಿಸಿದವು. ನಮ್ಮ ದೇಶದಲ್ಲಿಯೂ ಎರಡನೆಯ ಮಹಾಯುದ್ಧದ ಕಾಲಕ್ಕೆ ಬಿಕಾನೇರ, ನವಾನಗರ ಮೊದಲಾದ ಸಂಸ್ಥಾನಗಳು ರಟ್ಟಿನ ಕೂಪನ್ನುಗಳನ್ನು ಹೊರಡಿಸಿದವು. ತಾಮ್ರವನ್ನು ಉಳಿಸಲು ಬ್ರಿಟಿಷ್ ಸರಕಾರವು 1943ರಲ್ಲಿ ನಡುವೆ ತೂತುಳ್ಳ ಪೈಸೆಯನ್ನು ತಂದಿತು.

ಆದರೆ ಬಿಲ್ಲೆಯ ನಿಜಸ್ವರೂಪವನ್ನು ವಾಚಕರು ಲಕ್ಷ್ಯವಿಟ್ಟು ನೋಡಬೇಕು. ಅದು ಹಣವಲ್ಲ, ಸಾಲ. ಇನ್ನೂರು ಗಿರಾಕಿಗಳ ಕೈಯಲ್ಲಿ ಐದೈದು ರೂಪಾಯಿಯ ಬಿಲ್ಲೆ ಉಳಿದರೆ ವರ್ತಕನಿಗೆ ಸಾವಿರ ರೂಪಾಯಿ ಬಡ್ಡಿಯಿಲ್ಲದೆ ದೊರೆತಂತಾಯಿತು. ಸಾಲ ಕೊಟ್ಟವರಿಗೆ ತಾವು ಕೊಟ್ಟೆವೆಂಬುದೇ ತಿಳಿಯದು! ಕಳೆದುಹೋದ ಬಿಲ್ಲೆಯೂ ಅವನಿಗೇ ಲಾಭ. ಇತ್ತ ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಗಳು ಆ ಬಿಲ್ಲೆಯನ್ನು ಮೋಟಾರಿನ ಕಂಡಕ್ಟರನಿಗೆ ಕೊಡಲಾರಳು, ಔಷಧಿಯ ಅಂಗಡಿಗೆ ಒಯ್ಯಲಾರಳು. ಬೆಲೆ ಹೆಚ್ಚಾದರೂ ಅವಳು ಅದೇ ಅಂಗಡಿಗೆ ಮರಳತಕ್ಕದ್ದು. ಚಿಲ್ಲರೆಗೆ ಬದಲಾಗಿ ಪೆಪ್ಪರಮಿಂಟು ಕೊಡುವವನಾದರೂ ಲೇಸು. ಅದನ್ನು ಮಗುವಾದರೂ ತಿಂದೀತು.

ಕಾಯಿದೆ ಹೊಸದಲ್ಲ. ಲೋಹದ ತುಂಡನ್ನು ಹಣವಾಗಿ ಹೊರಡಿಸುವುದನ್ನು 1889ರ ಕಾಯಿದೆಯೇ ನಿಷೇಧಿಸಿತ್ತು. 2011ರ ನಾಣ್ಯ ಕಾಯಿದೆ ಆ ನಿಷೇಧವನ್ನು ಮುಂದುವರಿಸಿದೆ. ಪೋಲೀಸರು ಬಿಲ್ಲೆಗಳನ್ನು ಜಪ್ತಿ ಮಾಡಬಹುದು. ಅಷ್ಟರಿಂದ ಗಲ್ಲೆಯಲ್ಲಿ ನಾಣ್ಯ ಹುಟ್ಟುವುದೇ?

ನಮ್ಮ ಜನರ ತಪ್ಪೂ ಅಲ್ಪವಲ್ಲ. ಹತ್ತು ರೂಪಾಯಿ ನಾಣ್ಯದ 14 ಮಾದರಿಗಳೂ ಸಿಂಧುವೆಂದು ರಿಸರ್ವ್ ಬ್ಯಾಂಕು 2018ರಲ್ಲಿ ಸಾರಿತು. ಆದರೂ ಗಾಳಿಮಾತಿಗೆ ಕಿವಿಗೊಟ್ಟು ಅದನ್ನು ನಿರಾಕರಿಸಿದ ಅಂಗಡಿಗಳೆಷ್ಟು! ಸರಕಾರದ ನಾಣ್ಯವನ್ನು ಶಂಕಿಸಿ ಅಂಗಡಿಯ ಬಿಲ್ಲೆಯನ್ನು ನಂಬುವ ಈ ವಿವೇಕವು ನಮಗೆ ಅರ್ಥವಾಗದು.

ಈಗ ಮೊಬೈಲಿನಿಂದ ಹಣ ಸಲ್ಲಿಸುವವರು ಹೆಚ್ಚಿರುವರು, ನಿಜ. ಆದರೆ ಸಂತೆಯಲ್ಲಿ ಸೊಪ್ಪು ಮಾರುವ ಮುದುಕಿಗೆ ಇಂದಿಗೂ ನಾಣ್ಯವೇ ಬೇಕು. ಬ್ಯಾಂಕುಗಳ ಶಾಖೆಗಳು ಸಂತೆಯ ದಿನ ನಾಣ್ಯಗಳನ್ನು ಧಾರಾಳವಾಗಿ ವಿತರಿಸಲಿ. ಜನರು ತಂದ ನಾಣ್ಯಗಳನ್ನು ತಕರಾರಿಲ್ಲದೆ ಸ್ವೀಕರಿಸಲಿ. ಯಾರದಾದರೂ ಮನೆಯ ಡಬ್ಬಿಯಲ್ಲಿ ಹಳೆಯ ಬಿಲ್ಲೆಗಳು ಉಳಿದಿದ್ದರೆ, ಅವನ್ನು ಕೊಟ್ಟ ವರ್ತಕರು ಸಾಮಾನು ಕೊಳ್ಳಿರೆಂದು ಒತ್ತಾಯಿಸದೆ ರೊಕ್ಕ ಎಣಿಸಿ ಮರಳಿ ಪಡೆಯತಕ್ಕದ್ದು.