ಎರಡು ದಿನದ ಮುಷ್ಕರ, ಬತ್ತಿದ ಪೆಟ್ರೋಲ್ ಪಂಪು

2024ರ ಜನವರಿ 1. ಹೊಸ ವರ್ಷದ ಶುಭಾಶಯಗಳು ಮೊಬೈಲಿನಿಂದ ಮೊಬೈಲಿಗೆ ಇನ್ನೂ ಹರಿದಾಡುತ್ತಿದ್ದವು. ಅವುಗಳ ಬೆನ್ನಿಗೇ ಮತ್ತೊಂದು ಸುದ್ದಿ ಹೊರಟಿತು: ನಾಳೆಯಿಂದ ಪೆಟ್ರೋಲ್ ಸಿಗುವುದಿಲ್ಲ. ಸಂಜೆಯ ಹೊತ್ತಿಗೆ ನಾಗಪುರದ ಪಂಪುಗಳ ಮುಂದೆ ಉದ್ದುದ್ದ ಸಾಲುಗಳು ಬೆಳೆದಿದ್ದವು. ಮರುದಿನ ಹೈದರಾಬಾದಿನ ಸರದಿ. ಅಲ್ಲಿನ ಚಂಚಲಗೂಡದಲ್ಲಿ ಊಟ ತಲುಪಿಸುವ ಯುವಕನೊಬ್ಬನು ಬೈಕನ್ನು ಬಿಟ್ಟು ಕುದುರೆಯೇರಿ ಹೊರಟ ದೃಶ್ಯವನ್ನು ದೇಶವೆಲ್ಲ ನೋಡಿ ನಕ್ಕಿತು. ದಿನಗೂಲಿಯ ಆ ಹುಡುಗನಿಗೆ ಅದು ನಗುವ ಸಂಗತಿಯಾಗಿತ್ತೇ ಎಂದು ಕೇಳಿದವರು ಕಡಿಮೆ.

ಗಲಭೆಯ ಮೂಲ ಒಂದು ಕಾನೂನು. 2023ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನ ಎರಡನೆಯ ಉಪಕಲಮು, ಅಜಾಗರೂಕ ಚಾಲನೆಯಿಂದ ಸಾವಿಗೆ ಕಾರಣನಾಗಿ, ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಓಡಿಹೋಗುವ ಚಾಲಕನಿಗೆ ಹತ್ತು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ. ಹಳೆಯ ದಂಡಸಂಹಿತೆಯಲ್ಲಿ ಅಜಾಗರೂಕತೆಯಿಂದಾದ ಸಾವಿಗೆ ಹೆಚ್ಚೆಂದರೆ ಎರಡು ವರ್ಷದ ಶಿಕ್ಷೆಯಿತ್ತು. ಅಪಘಾತದ ಸ್ಥಳದಲ್ಲಿ ನಿಂತರೆ ಗುಂಪು ಹೊಡೆದು ಕೊಲ್ಲುತ್ತದೆ, ಓಡಿದರೆ ಹತ್ತು ವರ್ಷ ಜೈಲು ಎಂಬುದು ಲಾರಿ ಚಾಲಕರ ಅಳಲು. ಅದನ್ನು ಸುಳ್ಳೆನ್ನಲಾಗದು. ಹೆದ್ದಾರಿಯಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಅಳಲೂ ಸುಳ್ಳಲ್ಲ. ಅದೇನೇ ಇರಲಿ, ಚಾಲಕರು ಚಕ್ರ ನಿಲ್ಲಿಸಿದರು. ಸೊಲ್ಲಾಪುರ, ಕೊಲ್ಲಾಪುರ, ನಾಗಪುರ, ಗೋಂದಿಯಾ ಜಿಲ್ಲೆಗಳಲ್ಲಿ ರಸ್ತೆತಡೆ ನಡೆಯಿತು. ನಾಸಿಕ ಜಿಲ್ಲೆಯ ಪಾನೇವಾಡಿಯ ಇಂಧನ ಡಿಪೋಗಳಿಂದ ಟ್ಯಾಂಕರುಗಳು ಹೊರಬೀಳಲಿಲ್ಲ.

ಹಾಗಾದರೆ ಪೆಟ್ರೋಲ್ ನಿಜವಾಗಿಯೂ ತೀರಿಹೋಗಿತ್ತೇ? ನಮ್ಮ ಭಾಗವನ್ನೇ ನೋಡಿ. ಮುಂಬಯಿಯಿಂದ ಪುಣೆಯ ಮಾರ್ಗವಾಗಿ ಸೊಲ್ಲಾಪುರದ ಬಳಿಯ ಪಾಕಣಿಯವರೆಗೆ ನೆಲದಡಿಯಲ್ಲಿ ಹಿಂದುಸ್ತಾನ್ ಪೆಟ್ರೋಲಿಯಂ ಕೊಳವೆಮಾರ್ಗವಿದೆ. ಕೊಳವೆಯಲ್ಲಿ ಹರಿಯುವ ಎಣ್ಣೆಗೆ ಮುಷ್ಕರವಿಲ್ಲ. ಟ್ಯಾಂಕರು ಬೇಕಾಗುವುದು ಡಿಪೋದಿಂದ ಊರಿನ ಪಂಪಿನವರೆಗಿನ ಕೊನೆಯ ಹಾದಿಗೆ. ತಡೆ ಬಿದ್ದದ್ದು ಅಲ್ಲಿ, ಅದೂ ಎರಡು ದಿನಕ್ಕೆ. ಪಂಪಿನ ನೆಲದಡಿಯ ಟಾಕಿಗಳು ಎರಡು ದಿನದ ಅಡಚಣೆಯನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತವೆ. ಅವು ಬತ್ತಿದ ಬಗೆ ತಿಳಿಯಬೇಕಾದರೆ ಏಳನೆಯ ತರಗತಿಯ ಗಣಿತ ಸಾಕು; ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಮಾಡಿ ನೋಡಬಹುದು.

ದಿನಕ್ಕೆ ಸಾವಿರ ಬೈಕು ಬರುವ ಪಂಪೊಂದನ್ನು ಊಹಿಸಿಕೊಳ್ಳೋಣ. ನಮ್ಮಲ್ಲಿ ಹೆಚ್ಚಿನವರು ಹಾಕಿಸುವುದು ನೂರು ರೂಪಾಯಿಯದು, ಎಂದರೆ ಆಗಿನ ದರದಲ್ಲಿ ಒಂದು ಲೀಟರಿಗೂ ತುಸು ಕಡಿಮೆ. ದಿನದ ಖರ್ಚು ಸಾವಿರ ಲೀಟರಿನೊಳಗೆ ಮುಗಿಯಿತು. ಸುದ್ದಿ ಹಬ್ಬಿದ ದಿನ ಅದೇ ಸಾವಿರ ಜನ ಟಾಕಿ ತುಂಬಿಸಿ ಎಂದು ಎಂಟೆಂಟು ಲೀಟರ್ ಹಾಕಿಸಿಕೊಂಡರೆ ಎಂಟು ಸಾವಿರವಾಯಿತು. ನಾಳೆ ಬರಬೇಕಾದ ಸಾವಿರ ಜನರೂ ಇಂದೇ ಬಂದು ನಿಂತರೆ ಹದಿನಾರು ಸಾವಿರ. ಹದಿನಾರು ದಿನಕ್ಕೆ ಸಾಲುವಷ್ಟು ಎಣ್ಣೆ ಒಂದೇ ಹಗಲಿನಲ್ಲಿ ಪಂಪಿನಿಂದ ಬೈಕುಗಳ ಹೊಟ್ಟೆಗೆ ಸ್ಥಳಾಂತರಗೊಂಡಿತು. ಸಾಮಾನ್ಯ ಟ್ಯಾಂಕರೊಂದು ತರುವುದು ಹನ್ನೆರಡು ಸಾವಿರ ಲೀಟರು. ಮುಷ್ಕರವಿಲ್ಲದಿದ್ದರೂ ಆ ದಿನ ಅದು ಸಾಲುತ್ತಿರಲಿಲ್ಲ. ಸಾಲಿನಲ್ಲಿ ನಿಂತವರಾರೂ ಮೂರ್ಖರಲ್ಲ, ಎಲ್ಲರೂ ತುಂಬಿಸುತ್ತಿರುವಾಗ ತಾನೂ ತುಂಬಿಸುವುದೇ ಪ್ರತಿಯೊಬ್ಬನಿಗೂ ಜಾಣತನ. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1948ರಲ್ಲಿ ಬರೆದ ಲೇಖನವೊಂದರಲ್ಲಿ ಇಂಥದೇ ಪ್ರಸಂಗವನ್ನು ಕಲ್ಪಿಸಿದ್ದನು: ಗಟ್ಟಿಯಾಗಿದ್ದ ಬ್ಯಾಂಕು ಮುಳುಗುತ್ತಿದೆ ಎಂಬ ಪುಕಾರು ಹುಟ್ಟುತ್ತದೆ, ಜನ ಠೇವಣಿ ಕೀಳಲು ಓಡುತ್ತಾರೆ, ಬ್ಯಾಂಕು ಮುಳುಗುತ್ತದೆ. 2016ರ ನವೆಂಬರಿನಲ್ಲಿ ಉತ್ತರ ಭಾರತದ ಊರುಗಳಲ್ಲಿ ಉಪ್ಪು ಸಿಗದೆಂಬ ಗಾಳಿಸುದ್ದಿಗೆ ಜನ ಮುಗಿಬಿದ್ದದ್ದೂ ಹೀಗೆಯೇ. ಮೂರು ಕಡೆ ಸಮುದ್ರವಿರುವ ದೇಶದಲ್ಲಿ ಉಪ್ಪಿಗೆ ಬರ!

ಬ್ರಿಟನ್ನಿನಲ್ಲಿ 2012ರ ಮಾರ್ಚಿನಲ್ಲಿ ಮುಷ್ಕರವೇ ನಡೆಯಲಿಲ್ಲ. ಟ್ಯಾಂಕರ್ ಚಾಲಕರು ಮುಷ್ಕರ ಹೂಡಬಹುದೆಂಬ ಮಾತಿತ್ತು, ಅಷ್ಟೆ. ಫ್ರಾನ್ಸಿಸ್ ಮೌಡ್ ಎಂಬ ಸಚಿವರು ಮನೆಯ ಗ್ಯಾರೇಜಿನಲ್ಲಿ ಕ್ಯಾನಿನಲ್ಲಿ ಒಂದಿಷ್ಟು ಇಂಧನ ಇಟ್ಟುಕೊಳ್ಳಿರೆಂದು ಸಲಹೆ ಕೊಟ್ಟರು. ಪಂಪುಗಳು ಬರಿದಾದವು. ಆ ದಿನಗಳಲ್ಲಿಯೇ ಯಾರ್ಕ್ ನಗರದಲ್ಲಿ ಮಹಿಳೆಯೊಬ್ಬರು ಅಡುಗೆಮನೆಯಲ್ಲಿ ಪಾತ್ರೆಯಿಂದ ಪಾತ್ರೆಗೆ ಪೆಟ್ರೋಲ್ ಸುರಿಯುವಾಗ ಬೆಂಕಿ ಹತ್ತಿ ತೀವ್ರವಾಗಿ ಸುಟ್ಟುಕೊಂಡರು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಹೋಗದೆ ನೆಲಕ್ಕೆ ಹತ್ತಿಕೊಂಡೇ ಹರಿದು ಪಕ್ಕದ ಕೋಣೆಯ ಒಲೆಯನ್ನೂ ಮುಟ್ಟಬಲ್ಲದು. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತುಂಬಿ ಮಂಚದ ಕೆಳಗೆ ಇಡುವ ಮನೆಗಳು ನಮ್ಮಲ್ಲೂ ಇವೆ. ಬಾಯಾರಿ ಬಂದ ಮಗು ಅದನ್ನು ಎತ್ತಿಕೊಳ್ಳುವ ಅಪಾಯ ಬೇರೆ.

ಮತ್ತೆ ನಮ್ಮ ಸಾಲಿಗೆ ಬರೋಣ. ಟಾಕಿ ತುಂಬಿಸಲು ಒಮ್ಮೆಗೆ ಎಂಟುನೂರು, ಸಾವಿರ ರೂಪಾಯಿ ಕೈಯಲ್ಲಿರಬೇಕು. ದಿನದ ದುಡಿಮೆಯಿಂದ ದಿನದ ಪೆಟ್ರೋಲ್ ಕೊಳ್ಳುವವನಿಗೆ ಅದು ಎಲ್ಲಿಂದ ಬರಬೇಕು? ಅವನು ತನ್ನ ನೂರರ ನೋಟು ಹಿಡಿದು ಬರುವ ಹೊತ್ತಿಗೆ ‘ಸ್ಟಾಕ್ ಇಲ್ಲ’ ಎಂಬ ಹಲಗೆ ತೂಗುತ್ತಿರುತ್ತದೆ. ಅಕ್ಕಲಕೋಟೆ, ಜತ್ತ ತಾಲೂಕುಗಳ ವಾಡಿ-ವಸತಿಗಳಿಂದ ದೂರದ ಕನ್ನಡ ಶಾಲೆಗೆ ಹೋಗುವ ಮಕ್ಕಳಲ್ಲಿ ಎಷ್ಟೋ ಜನ ತಂದೆಯ ಬೈಕನ್ನೋ ಟಮಟಮ್ಮನ್ನೋ ನಂಬಿದವರು. ಬಸ್ಸು ಎಲ್ಲ ಹಾದಿಗೂ ಇಲ್ಲ. ಇದ್ದಲ್ಲಿಯೂ ಶಾಲೆಯ ಗಂಟೆಗೆ ಹೊಂದುವುದು ಕಡಿಮೆ. ಆಗ ಅಗ್ಗವೆಂದು ಗಡಿ ದಾಟಿ ಕರ್ನಾಟಕದ ಪಂಪಿಗೆ ಹೋಗುತ್ತಿದ್ದವರಿಗೂ ಅಲ್ಲಿಗೆ ಮುಟ್ಟುವಷ್ಟು ಎಣ್ಣೆ ಟಾಕಿಯಲ್ಲಿ ಇರಲೇಬೇಕಿತ್ತಷ್ಟೆ.

ಚಂಡೀಗಢದ ಆಡಳಿತ ಜನವರಿ 2ರಂದು ಒಂದು ಮಿತಿ ಹಾಕಿತು: ದ್ವಿಚಕ್ರ ವಾಹನಕ್ಕೆ ಎರಡು ಲೀಟರು ಅಥವಾ 200 ರೂಪಾಯಿ, ನಾಲ್ಕು ಚಕ್ರದ್ದಕ್ಕೆ ಐದು ಲೀಟರು ಅಥವಾ 500 ರೂಪಾಯಿ. ನನ್ನ ದೃಷ್ಟಿಯಲ್ಲಿ ಇದು ‘ಜನರು ಗಾಬರಿಗೊಳ್ಳಬಾರದು’ ಎಂಬ ಪ್ರಕಟಣೆಗಿಂತ ನೂರುಪಾಲು ಮೇಲು. ಗಾಬರಿಯಾಗಬೇಡಿ ಎಂದು ಅಧಿಕಾರಿಗಳು ಹೇಳಿದಾಗಲೇ ಅನೇಕರು ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ಎಲ್ಲರಿಗೂ ಎರಡೇ ಲೀಟರೆಂದು ತಿಳಿದರೆ ಓಡುವ ಕಾರಣ ಅರ್ಧಕ್ಕರ್ಧ ಇಳಿಯುತ್ತದೆ.

ಕ್ಯಾನು, ಬಾಟಲಿಗಳಿಗೆ ಇಂಧನ ಹಾಕಬಾರದೆಂಬ ನಿರ್ಬಂಧದ ಬಗ್ಗೆ ಮಾತ್ರ ಅಷ್ಟು ಸಲೀಸಾಗಿ ಹೇಳಲಾಗದು. ಮನೆಯಲ್ಲಿ ಕೂಡಿಡುವವನನ್ನು ಅದು ತಡೆಯುತ್ತದೆ, ನಿಜ. ಆದರೆ ಜನವರಿ ನಮ್ಮಲ್ಲಿ ಕಬ್ಬಿನ ಹಂಗಾಮು. ಹೊಲದಲ್ಲಿ ನಿಂತ ಟ್ರ್ಯಾಕ್ಟರಿಗೆ ಡೀಸೆಲ್ ಹೋಗುವುದೇ ಕ್ಯಾನಿನಲ್ಲಿ. ಕಡಿದ ಕಬ್ಬು ಕಾರಖಾನೆಗೆ ಮುಟ್ಟುವುದು ಒಂದೊಂದು ದಿನ ತಡವಾದಂತೆಲ್ಲ ತೂಕ ಇಳಿಯುತ್ತದೆ. ಇಂಥ ಸಂದರ್ಭದಲ್ಲಿ ತಲಾಠಿಯ ಚೀಟಿ ತಂದ ರೈತನಿಗೆ ಇಂತಿಷ್ಟು ಡೀಸೆಲ್ ಎಂಬ ವ್ಯವಸ್ಥೆಯನ್ನು ಮುಂಚಿತವಾಗಿಯೇ ಮಾಡಿಟ್ಟರೆ ಪಂಪಿನ ಹುಡುಗನೊಂದಿಗೆ ಜಗಳವಾಡುವ ಪ್ರಸಂಗ ಬಾರದು. ಶಾಲಾ ಮಕ್ಕಳನ್ನು ಒಯ್ಯುವ ಗಾಡಿಗಳಿಗೂ ಇದೇ ಕ್ರಮವನ್ನು ಪಾಲಕರು ತಹಶೀಲದಾರರ ಮುಂದೆ ಕೇಳಬಹುದು.

ಜನವರಿ 2ರ ರಾತ್ರಿ ಕೇಂದ್ರ ಗೃಹ ಕಾರ್ಯದರ್ಶಿ ಅಜಯ್ ಭಲ್ಲಾ ಅವರು ಅಖಿಲ ಭಾರತ ಮೋಟಾರ್ ಸಾರಿಗೆ ಕಾಂಗ್ರೆಸ್ಸಿನೊಡನೆ ಮಾತುಕತೆ ನಡೆಸಿ, ಚರ್ಚಿಸದೆ ಆ ಉಪಕಲಮನ್ನು ಜಾರಿಗೆ ತರುವುದಿಲ್ಲವೆಂದರು. ಚಾಲಕರು ಕೆಲಸಕ್ಕೆ ಮರಳಬೇಕೆಂದು ಸಂಘಟನೆ ಕರೆಕೊಟ್ಟಿತು. ಜುಲೈ 1ರಂದು ಹೊಸ ಸಂಹಿತೆ ಜಾರಿಯಾದಾಗ ಆ ಉಪಕಲಮನ್ನು ಹೊರಗಿಡಲಾಯಿತು. ಟ್ಯಾಂಕರುಗಳು ಮತ್ತೆ ಓಡಿದವು. ಸಾವಿರ ರೂಪಾಯಿಯ ಪೆಟ್ರೋಲ್ ತುಂಬಿಸಿಕೊಂಡವರಿಗೆ ವಾರದವರೆಗೆ ಪಂಪಿನ ಕಡೆಗೆ ಕೆಲಸವಿರಲಿಲ್ಲ. ನೂರು ರೂಪಾಯಿಯವರು ಮಾತ್ರ ಮರುದಿನವೇ ಬಂದರು.