ಶರದೃತುವಿನ ಚಾರಣ: ಎರಡು ದಿನಗಳ ಮೀಸಲು ನಿಧಿ

ವರ್ಷವಿಡೀ ಅಂಗಡಿ, ಕಾರ್ಖಾನೆ, ಬ್ಯಾಂಕು ಮತ್ತು ತೆರಿಗೆ ಕಚೇರಿಗಳ ನಡುವೆ ಓಡಾಡುವ ನಮ್ಮ ಸದಸ್ಯ ಬಾಂಧವರಲ್ಲಿ ಹಿಮಾಲಯ ಚಾರಣದ ಆಸಕ್ತಿ ಬೆಳೆಯುತ್ತಿರುವುದು ಸಂತೋಷದ ಸಂಗತಿ. ಲೆಕ್ಕಪತ್ರಗಳಿಗಾಗಿ ನಮ್ಮ ಕಚೇರಿಗೆ ಬರುವ ಕಕ್ಷಿದಾರರಲ್ಲಿ ಅನೇಕರು ಮಾತಿನ ಕೊನೆಯಲ್ಲಿ ಕೇಳುವ ಪ್ರಶ್ನೆ ಒಂದೇ: "ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೋಗಿಬರಲು ಎಷ್ಟು ಖರ್ಚಾಗುತ್ತದೆ?" ಎರಡು ಬಾರಿ ಆ ಹಾದಿಯನ್ನು ತುಳಿದ ಅನುಭವದಿಂದ ನಾನು ನೀಡುವ ಉತ್ತರವೆಂದರೆ, ಮೊದಲು ಎಷ್ಟು ದಿನ ಬೇಕೆಂದು ಕೇಳಿರಿ, ಹಣದ ಲೆಕ್ಕ ಆಮೇಲೆ. ಈ ಮಾತನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಅದನ್ನು ಮುಂದೆ ವಿವರಿಸಿದ್ದೇನೆ.

ಕಾಲದ ಆಯ್ಕೆ

ನೇಪಾಳದ ಖುಂಬು ಪ್ರದೇಶದಲ್ಲಿ ಮುಂಗಾರು ಹಿಂದೆ ಸರಿದ ಬಳಿಕ, ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಆಕಾಶ ಸಾಮಾನ್ಯವಾಗಿ ನಿರ್ಮಲವಾಗಿರುತ್ತದೆ. ಆದರೆ ವ್ಯಾಪಾರಿಗಳಿಗೆ ಇದೇ ಅತ್ಯಂತ ಒತ್ತಡದ ಕಾಲ. ಸೆಪ್ಟೆಂಬರ್ 30ರ ತೆರಿಗೆ ಲೆಕ್ಕಪರಿಶೋಧನಾ ವರದಿ, ಅಕ್ಟೋಬರ್ 31ರ ರಿಟರ್ನು, ಪ್ರತಿ ತಿಂಗಳ ಜಿಎಸ್‌ಟಿ, ಇವುಗಳ ನಡುವೆ ನವರಾತ್ರಿ ಮತ್ತು ದೀಪಾವಳಿ ಬರುತ್ತವೆ. ಲಕ್ಷ್ಮೀಪೂಜೆಯ ದಿನ ಅಂಗಡಿಯಲ್ಲಿ ಯಜಮಾನರು ಇರಲೇಬೇಕು. ಅತ್ತ ನೇಪಾಳದಲ್ಲಿಯೂ ಇದೇ ಹೊತ್ತಿಗೆ ದಶೈಂ ಮತ್ತು ತಿಹಾರ್ ಹಬ್ಬಗಳಿರುವುದರಿಂದ ಕಚೇರಿಗಳು ಮುಚ್ಚಿರುತ್ತವೆ, ವಾಹನಗಳು ಕಿಕ್ಕಿರಿದಿರುತ್ತವೆ. ಆದುದರಿಂದ ದೀಪಾವಳಿ ಪಾಡ್ಯವಾದ ಮೇಲೆ ಹೊರಟು ನವೆಂಬರ್ ಅಂತ್ಯದೊಳಗೆ ಮರಳುವುದು ನಮ್ಮವರಿಗೆ ಅನುಕೂಲ. ಚಳಿ ಹೆಚ್ಚು, ಜನಸಂದಣಿ ಕಡಿಮೆ.

ಶರದೃತುವೆಂದರೆ ಹವಾಮಾನಕ್ಕೆ ಖಾತರಿಯಿದೆ ಎಂದು ಭಾವಿಸಬಾರದು. ಬಂಗಾಳ ಕೊಲ್ಲಿಯಲ್ಲಿ ಇದು ಚಂಡಮಾರುತಗಳ ಕಾಲವೂ ಹೌದು. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುದ್‌ಹುದ್ ಚಂಡಮಾರುತದ ಶೇಷವು ಎರಡು ದಿನಗಳ ನಂತರ ನೇಪಾಳದ ಅನ್ನಪೂರ್ಣ ಪ್ರದೇಶದಲ್ಲಿ ಭಾರೀ ಹಿಮಪಾತವಾಗಿ ಸುರಿದು, ಥೊರೋಂಗ್ ಲಾ ಕಣಿವೆಮಾರ್ಗದ ಸುತ್ತಮುತ್ತ ನಲವತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಕೊಲ್ಲಿಯಲ್ಲಿ ವಾಯುಭಾರ ಕುಸಿತದ ಸುದ್ದಿ ಇದ್ದಾಗ ಎತ್ತರದ ಹಾದಿಯಲ್ಲಿ ಮುಂದುವರಿಯದೆ ಒಂದೆರಡು ದಿನ ಕಾಯಲು ಅವಕಾಶವಿರಬೇಕು.

ಎತ್ತರದ ಲೆಕ್ಕ

ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಖುಂಬು ಹಾದಿ ಆರಂಭವಾಗುವ ಲುಕ್ಲಾ ಗ್ರಾಮವೇ ಸುಮಾರು 2,860 ಮೀಟರ್ ಎತ್ತರದಲ್ಲಿದೆ. ನಾಮ್ಚೆ ಬಜಾರ್ 3,440, ತೆಂಗ್ಬೋಚೆ 3,860, ಡಿಂಗ್ಬೋಚೆ 4,410, ಲೋಬುಚೆ 4,910 ಹಾಗೂ ಬೇಸ್ ಕ್ಯಾಂಪ್ 5,364 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಅರ್ಧ ಮಾತ್ರ. ಇಲ್ಲಿ ಬೆಟ್ಟ ಹತ್ತಿ ರೂಢಿಯಾದ ಕಾಲುಗಳು ಅಲ್ಲಿ ಉಪಯೋಗಕ್ಕೆ ಬರುತ್ತವೆ. ಆದರೆ ಎಂಥ ಕಸರತ್ತೂ ಎತ್ತರದ ಕಾಯಿಲೆಯಿಂದ ರಕ್ಷಣೆ ಕೊಡುವುದಿಲ್ಲ. ದೇಹ ಹೊಂದಿಕೊಳ್ಳಲು ಬೇಕಾದದ್ದು ಸಮಯ.

ಪರ್ವತ ವೈದ್ಯರು ಒಪ್ಪಿಕೊಂಡಿರುವ ನಿಯಮ ಸರಳವಾಗಿದೆ: 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಮತ್ತು ಮೂರು-ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಅದೇ ಎತ್ತರದಲ್ಲಿ ತಂಗಬೇಕು. ಆದ್ದರಿಂದಲೇ ನಾಮ್ಚೆಯಲ್ಲಿ ಒಂದು, ಡಿಂಗ್ಬೋಚೆಯಲ್ಲಿ ಒಂದು ವಿಶ್ರಾಂತಿ ದಿನವನ್ನು ಎಲ್ಲ ಒಳ್ಳೆಯ ಯೋಜನೆಗಳಲ್ಲಿಯೂ ಸೇರಿಸಿರುತ್ತಾರೆ.

ನಾವು ಮಾಡಿದ ತಪ್ಪು

2018ರ ನವೆಂಬರಿನಲ್ಲಿ, ದೀಪಾವಳಿ ಮುಗಿದ ಕೂಡಲೇ ಹುಬ್ಬಳ್ಳಿಯಿಂದ ನಾವು ಮೂವರು ಹೊರಟೆವು. ಒಬ್ಬರು ಹತ್ತಿ ವ್ಯಾಪಾರಿ, ಇನ್ನೊಬ್ಬರು ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಉದ್ಯಮಿ, ಮೂರನೆಯವನು ನಾನು. ಎಲ್ಲರ ವಯಸ್ಸೂ ಐವತ್ತರ ಆಸುಪಾಸು. ಉದ್ಯಮಿ ಮಿತ್ರರಿಗೆ ತಿಂಗಳ ಕೊನೆಯಲ್ಲಿ ಒಂದು ದೊಡ್ಡ ಆರ್ಡರಿನ ಮಾಲು ರವಾನಿಸಬೇಕಿತ್ತು. ಮಾರ್ಗದರ್ಶಿ ಕಳುಹಿಸಿದ್ದ ದಿನಚರಿಯನ್ನು ನೋಡಿ ಅವರು, "ಆಡಿಟರ್ ಸಾಹೇಬ್ರ, ಎರಡು ದಿನ ತೆಗೀರಿ. ಏನ್ ಫರಕ್ ಆಗ್ತೈತಿ?" ಎಂದರು. ನಾನು ಪೆನ್ನು ಹಿಡಿದು ಡಿಂಗ್ಬೋಚೆಯ ವಿಶ್ರಾಂತಿ ದಿನವನ್ನೂ ಕೊನೆಯಲ್ಲಿದ್ದ ಹೆಚ್ಚುವರಿ ದಿನವನ್ನೂ ಹೊಡೆದುಹಾಕಿದೆ. ಮಾರ್ಗದರ್ಶಿ ಬೇಡವೆಂದರೂ ಕೇಳಲಿಲ್ಲ. ಪರರ ಲೆಕ್ಕದಲ್ಲಿ ಮೀಸಲು ನಿಧಿ ಇಲ್ಲದಿದ್ದರೆ ಟಿಪ್ಪಣಿ ಬರೆಯುವ ನಾನು ನಮ್ಮದೇ ಯೋಜನೆಯಲ್ಲಿ ಅದನ್ನು ಅಳಿಸಿದ್ದೆ.

ಪರಿಣಾಮವಾಗಿ ನಾಮ್ಚೆ ಬಿಟ್ಟ ಮೂರನೆಯ ರಾತ್ರಿಯೇ ನಾವು ಲೋಬುಚೆಯಲ್ಲಿದ್ದೆವು. ಮೂರು ದಿನಗಳಲ್ಲಿ ಏರಿದ್ದು 1,470 ಮೀಟರ್. ಉದ್ಯಮಿ ಮಿತ್ರರಿಗೆ ಡಿಂಗ್ಬೋಚೆಯಲ್ಲಿಯೇ ತಲೆನೋವು ಆರಂಭವಾಗಿತ್ತು; ನಮಗೆ ಚಿಂತೆಯಾಗಬಾರದೆಂದು ಹೇಳಿರಲಿಲ್ಲ. ಲೋಬುಚೆಯಲ್ಲಿ ಊಟ ಸೇರಲಿಲ್ಲ, ವಾಂತಿಯಾಯಿತು. ರಾತ್ರಿ ಒಂಬತ್ತರ ಹೊತ್ತಿಗೆ ಶೌಚಾಲಯಕ್ಕೆಂದು ಎದ್ದವರು ಕುಡಿದವರಂತೆ ತೂರಾಡಿದರು. ಮಾರ್ಗದರ್ಶಿ ನೆಲದ ಮೇಲೆ ನೇರ ಗೆರೆ ತೋರಿಸಿ ಅದರ ಮೇಲೆ ನಡೆಯಲು ಹೇಳಿದ. ಅವರಿಂದ ಆಗಲಿಲ್ಲ. ಮಿದುಳಿನಲ್ಲಿ ನೀರು ತುಂಬತೊಡಗಿರುವುದರ ಲಕ್ಷಣವಿದು. ಬೆಳಗಿನ ತನಕ ಕಾಯುವಂತಿಲ್ಲ ಎಂದು ಅವನು ಸ್ಪಷ್ಟವಾಗಿ ಹೇಳಿದ.

ತಲೆಗೆ ದೀಪ ಕಟ್ಟಿಕೊಂಡು, ಇಬ್ಬರು ಭಾರವಾಹಕರು ಅವರನ್ನು ಎರಡೂ ಕಡೆ ಹಿಡಿದುಕೊಂಡು, ಕಲ್ಲು-ಮಂಜಿನ ಹಾದಿಯಲ್ಲಿ ಇಳಿದೆವು. ಸುಮಾರು 4,300 ಮೀಟರ್ ಎತ್ತರದ ಫೆರಿಚೆ ತಲುಪಿದಾಗ ನಡುರಾತ್ರಿ ಮೀರಿತ್ತು. ಅಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ಚಿಕಿತ್ಸಾ ಕೇಂದ್ರವು 1973ರಿಂದ ಚಾರಣದ ಋತುಗಳಲ್ಲಿ ಕೆಲಸ ಮಾಡುತ್ತಿದೆ. ವೈದ್ಯರು ಆಮ್ಲಜನಕ ಮತ್ತು ಔಷಧ ಕೊಟ್ಟರು. ಮರುದಿನ ಹೆಲಿಕಾಪ್ಟರಿನಲ್ಲಿ ಅವರನ್ನು ಕಠ್ಮಂಡುವಿಗೆ ಕರೆದೊಯ್ಯಲಾಯಿತು. ನಾವಿಬ್ಬರೂ ಬೇಸ್ ಕ್ಯಾಂಪ್ ನೋಡದೆಯೇ ಹಿಂದಿರುಗಿದೆವು. ಮಿತ್ರರು ಸಂಪೂರ್ಣ ಗುಣಮುಖರಾದರು. ಆದರೆ ಉಳಿಸಲು ಹೊರಟಿದ್ದ ಎರಡು ದಿನಗಳಿಗೆ ಬದಲಾಗಿ ಹತ್ತು ದಿನ ಕಾರ್ಖಾನೆಯಿಂದ ದೂರವಿರಬೇಕಾಯಿತು. ಅವರ ಮನೆಯವರಿಗೆ ದೂರವಾಣಿಯಲ್ಲಿ ವಿಷಯ ತಿಳಿಸಿದ ಆ ಐದು ನಿಮಿಷಗಳು ನನಗೆ ಇಂದಿಗೂ ಮರೆತಿಲ್ಲ.

ಯೋಜನೆಯ ಮುಖ್ಯ ಅಂಶಗಳು

1. ದಿನಗಳು: ಲುಕ್ಲಾದಿಂದ ಲುಕ್ಲಾಕ್ಕೆ 11 ಅಥವಾ 12 ದಿನ, ಕಠ್ಮಂಡುವಿನಲ್ಲಿ 2 ದಿನ, ಇವುಗಳ ಮೇಲೆ 2 ಮೀಸಲು ದಿನ. ಮನೆಯಿಂದ ಮನೆಗೆ ಒಟ್ಟು 17 ದಿನ ಹಿಡಿದುಕೊಳ್ಳಿರಿ. ಇಷ್ಟು ದಿನ ಬಿಡುವಿಲ್ಲದವರು ನಾಮ್ಚೆ-ತೆಂಗ್ಬೋಚೆಯವರೆಗೆ ಮಾತ್ರ ಹೋಗಿಬರುವುದು ಉತ್ತಮ. ತೆಂಗ್ಬೋಚೆಯ ಬೌದ್ಧ ವಿಹಾರದ ಅಂಗಳದಿಂದಲೂ ಎವರೆಸ್ಟ್ ಮತ್ತು ಅಮಾ ದಬ್ಲಾಮ್ ಶಿಖರಗಳು ಕಾಣುತ್ತವೆ.

2. ವಿಮಾನ: ಲುಕ್ಲಾದ ಓಡುಪಥದ ಉದ್ದ 527 ಮೀಟರ್ ಮಾತ್ರ. ಮೋಡ ಕವಿದರೆ ವಿಮಾನ ಹಾರುವುದಿಲ್ಲ. ಈಚಿನ ವರ್ಷಗಳಲ್ಲಿ ಜನಸಂದಣಿಯ ಋತುವಿನಲ್ಲಿ ಹೆಚ್ಚಿನ ವಿಮಾನಗಳು ಕಠ್ಮಂಡುವಿನ ಬದಲು ರಾಮೇಛಾಪಿನಿಂದ ಹೊರಡುತ್ತವೆ. ಅಲ್ಲಿಗೆ ನಾಲ್ಕೈದು ಗಂಟೆಗಳ ರಸ್ತೆ ಪ್ರಯಾಣ. ಸಾಮಾನಿನ ಮಿತಿ ಸಾಮಾನ್ಯವಾಗಿ ಒಟ್ಟು 15 ಕಿಲೋ.

3. ದಾಖಲೆ ಮತ್ತು ಹಣ: ಭಾರತೀಯರಿಗೆ ವೀಸಾ ಬೇಕಿಲ್ಲ. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಒಯ್ಯಬೇಕು. ನಮ್ಮ 100 ರೂಪಾಯಿಗೆ 160 ನೇಪಾಳಿ ರೂಪಾಯಿ. ಈ ದರ 1993ರಿಂದ ಸ್ಥಿರವಾಗಿದೆ. ದೊಡ್ಡ ಮುಖಬೆಲೆಯ ಭಾರತೀಯ ನೋಟುಗಳ ಕುರಿತ ನಿಯಮ ಹಲವು ಬಾರಿ ಬದಲಾಗಿರುವುದರಿಂದ ಹೊರಡುವ ಮುನ್ನ ವಿಚಾರಿಸಿರಿ. ನಾಮ್ಚೆ ದಾಟಿದ ಮೇಲೆ ಎಟಿಎಂ ನಂಬಿಕೊಳ್ಳಬೇಡಿರಿ. ಎತ್ತರ ಹೆಚ್ಚಿದಂತೆ ಊಟ, ಬಿಸಿನೀರು, ಮೊಬೈಲ್ ಚಾರ್ಜಿಂಗ್ ಎಲ್ಲದರ ಬೆಲೆಯೂ ಏರುತ್ತದೆ. ಅಂದಾಜಿನ ಮೇಲೆ ಶೇ. 20 ಹೆಚ್ಚುವರಿ ಇಟ್ಟುಕೊಳ್ಳಿರಿ.

4. ವಿಮೆ: ಸಾಮಾನ್ಯ ಪ್ರವಾಸ ವಿಮೆ ಸಾಲದು. ಪಾಲಿಸಿಯಲ್ಲಿ ಎಷ್ಟು ಮೀಟರ್ ಎತ್ತರದವರೆಗೆ ರಕ್ಷಣೆಯಿದೆ, ಹೆಲಿಕಾಪ್ಟರ್ ವೆಚ್ಚ ಸೇರಿದೆಯೇ, ಪೂರ್ವಾನುಮತಿ ಯಾರಿಂದ ಪಡೆಯಬೇಕು ಎಂಬ ಮೂರು ವಿಷಯಗಳನ್ನು ಓದಿಯೇ ಕಂತು ಕಟ್ಟಿರಿ. ಅನಗತ್ಯ ಹೆಲಿಕಾಪ್ಟರ್ ರಕ್ಷಣೆ ಮತ್ತು ಉಬ್ಬಿಸಿದ ಬಿಲ್ಲುಗಳ ಹಗರಣ 2018ರಲ್ಲಿ ನೇಪಾಳ ಸರ್ಕಾರದ ತನಿಖೆಗೆ ಒಳಗಾಗಿತ್ತು. ಆದ್ದರಿಂದ ಎಲ್ಲ ಬಿಲ್ಲುಗಳನ್ನೂ ವೈದ್ಯರ ಟಿಪ್ಪಣಿಯನ್ನೂ ಜೋಪಾನವಾಗಿಡಿರಿ.

5. ಆರೋಗ್ಯ: ರಕ್ತದೊತ್ತಡ, ಮಧುಮೇಹ ಇರುವವರು ಮೂರು ತಿಂಗಳು ಮೊದಲೇ ವೈದ್ಯರನ್ನು ಕಾಣಬೇಕು. ಅಸೆಟಝೋಲಮೈಡ್ ಮಾತ್ರೆಯನ್ನು ಅವರ ಸಲಹೆಯಂತೆಯೇ ಸೇವಿಸಬೇಕು. ತಲೆನೋವನ್ನು ಮುಚ್ಚಿಡಬಾರದು. ಲಕ್ಷಣಗಳಿರುವಾಗ ಮೇಲಕ್ಕೆ ಏರಬಾರದು. ಹೆಚ್ಚಾದರೆ ಕೂಡಲೇ ಇಳಿಯಬೇಕು.

6. ವ್ಯವಹಾರದ ಏರ್ಪಾಡು: ನೀವಿಲ್ಲದ ದಿನಗಳಲ್ಲಿ ಚೆಕ್ಕಿಗೆ ಯಾರು ಸಹಿ ಮಾಡುತ್ತಾರೆ, ಜಿಎಸ್‌ಟಿ ಸಲ್ಲಿಕೆಗೆ ಒಟಿಪಿ ಯಾರ ಮೊಬೈಲಿಗೆ ಬರುತ್ತದೆ, ಮಾಲು ರವಾನೆಯ ಹೊಣೆ ಯಾರದು ಎಂಬುದನ್ನು ಬರಹದಲ್ಲಿ ನಿಗದಿಪಡಿಸಿರಿ. ಆರ್ಡರಿನ ದಿನಾಂಕಕ್ಕೂ ನಿಮ್ಮ ವಾಪಸಾತಿಗೂ ನಡುವೆ ಕನಿಷ್ಠ ಒಂದು ವಾರ ಅಂತರವಿರಲಿ. ಇನ್ನೊಂದು ಮಾತು: ಈ ಖರ್ಚು ಸ್ವಂತದ್ದು. ದಯವಿಟ್ಟು ಸಂಸ್ಥೆಯ ಪ್ರವಾಸ ವೆಚ್ಚದ ಖಾತೆಗೆ ಬರೆಯಬೇಡಿರಿ.

ಎರಡನೆಯ ಬಾರಿ

2022ರ ನವೆಂಬರಿನಲ್ಲಿ ಅದೇ ಮೂವರು, ಅದೇ ಮಾರ್ಗದರ್ಶಿಯೊಂದಿಗೆ ಮತ್ತೆ ಹೊರಟೆವು. ಈ ಬಾರಿ ಉದ್ಯಮಿ ಮಿತ್ರರು ವೈದ್ಯರ ಒಪ್ಪಿಗೆ ಪಡೆದಿದ್ದರು. ಕಾರ್ಖಾನೆಯ ಹೊಣೆಯನ್ನು ಮಗಳಿಗೆ ಲಿಖಿತವಾಗಿ ವಹಿಸಿದ್ದರು. ದಿನಚರಿಯನ್ನು ಮಾರ್ಗದರ್ಶಿಯೇ ಬರೆದ. ನಾನು ಪೆನ್ನು ಮುಟ್ಟಲಿಲ್ಲ. ಡಿಂಗ್ಬೋಚೆಯಲ್ಲಿ ನಿಗದಿತ ವಿಶ್ರಾಂತಿಯ ನಂತರವೂ ಮಿತ್ರರು ತಾವಾಗಿಯೇ "ತಲಿ ಸ್ವಲ್ಪ ಭಾರ ಐತ್ರೀ" ಎಂದಾಗ, ಯಾರೂ ಮರುಮಾತಾಡದೆ ಇನ್ನೊಂದು ದಿನ ನಿಂತೆವು. ಆಮೇಲೆ ಬೇಸ್ ಕ್ಯಾಂಪ್ ತಲುಪಿದೆವು. ಹಿಂದಿರುಗುವಾಗ ಲುಕ್ಲಾದಲ್ಲಿ ಮೋಡ ಕವಿದು ಒಂದು ದಿನ ವಿಮಾನ ಹಾರಲಿಲ್ಲ.

ಹೀಗೆ ಮೀಸಲಿಟ್ಟ ಎರಡೂ ದಿನ ಪೂರ್ತಿಯಾಗಿ ಖರ್ಚಾದವು. ಗೊತ್ತುಪಡಿಸಿದ ದಿನದಂದೇ ಮೂವರೂ ಹುಬ್ಬಳ್ಳಿ ತಲುಪಿದೆವು. ಮುಂದಿನ ಶರದೃತುವಿಗೆ ಯೋಜನೆ ಹಾಕುತ್ತಿರುವ ಸದಸ್ಯರು ಟಿಕೆಟ್ ಕಾಯ್ದಿರಿಸುವ ಮೊದಲು ಆ ಎರಡು ದಿನಗಳನ್ನು ಬರೆದಿಟ್ಟುಕೊಳ್ಳಲಿ, ಅವಸರ ಬಂದಾಗ ಅವನ್ನು ಹೊಡೆದುಹಾಕದಿರಲಿ ಎಂಬುದು ನನ್ನ ವಿನಂತಿ.